ಕರೆಂಟ್ ಬಂದರೂ ಸಾಂಬಾ ಯಾಕೆ ಏಳೋದಿಲ್ಲ?

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೊಲಿಯುವ ಯೂನಿಟ್. ಪ್ಯಾಟರ್ನ್ ಫೈಲುಗಳು ಉಬುಂಟು ಮಷೀನಿಗೆ ಹಾಕಿದ ಯುಎಸ್‌ಬಿ ಡಿಸ್ಕಿನಲ್ಲಿವೆ. ಕರೆಂಟ್ ಹೋಗಿ ಬಂದಮೇಲೆ ಉಳಿದ ವಿಂಡೋಸ್ ಮಷೀನುಗಳಲ್ಲಿ ಆ ಫೋಲ್ಡರ್ ತೆರೆಯೋದಿಲ್ಲ. ಆ ಫೋಲ್ಡರನ್ನು ವಿಂಡೋಸ್ ಮಷೀನುಗಳಿಗೆ ಹಂಚೋ ಸಾಂಬಾ ಪ್ರೋಗ್ರಾಂ ತಾನಾಗಿ ಶುರುವಾಗೋ ಹಾಗೆ ಮಾಡೋದು ಹೇಗೆ?

ಉತ್ತರ: ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದೆನೋ, ಲೆಕ್ಕ ಇಡೋದು ಬಿಟ್ಟಿದ್ದೇನೆ. ಟರ್ಮಿನಲ್ಲಿನಲ್ಲಿ 'ಸಿಸ್ಟಮ್‌ಸಿಟಿಎಲ್ ಈಸ್-ಎನೇಬಲ್ಡ್ ಎಸ್‌ಎಂಬಿಡಿ' ಅಂತ ಹೊಡೆಯಿರಿ (ಕೊನೇ ಪದ ಸಾಂಬಾ ಸರ್ವೀಸಿನ ಹೆಸರು). 'ಎನೇಬಲ್ಡ್' ಅಂದರೆ ಬೂಟ್ ಆಗುವಾಗ ಏಳೋಕೆ ಅದಕ್ಕೆ ಅಪ್ಪಣೆ ಇದೆ ಅಂತ ಅರ್ಥ. ಉಬುಂಟುವಿನಲ್ಲಿ ಪ್ಯಾಕೇಜ್ ಹಾಕಿದಾಗಲೇ ಇದು ಆಗಿರುತ್ತೆ. ಫೆಡೋರಾದಲ್ಲಿ ಆಗಿರೋದಿಲ್ಲ; ಅಲ್ಲಿ ಸರ್ವೀಸಿನ ಹೆಸರು ಎಸ್‌ಎಂಬಿ, ನೀವೇ ಒಮ್ಮೆ 'ಎನೇಬಲ್' ಕೊಡಬೇಕು.

ಈಗ ಎಲ್ಲರೂ ಕೊಡೋ ಆ ಹಳೇ ಕಷಾಯಕ್ಕೆ ಬರೋಣ: "ಆರ್‌ಸಿ ಡಾಟ್ ಲೋಕಲ್ ಅನ್ನೋ ಬೂಟ್ ಸ್ಕ್ರಿಪ್ಟ್ ಫೈಲಿನಲ್ಲಿ ಸಾಂಬಾ ಸ್ಟಾರ್ಟ್ ಅಂತ ಒಂದು ಸಾಲು ಬರೀರಿ, ಮೇಲೆ ಸ್ಲೀಪ್ 30 (ಮೂವತ್ತು ಸೆಕೆಂಡ್ ಕಾಯೋ ಸಾಲು) ಹಾಕಿ." ಉಬುಂಟು 15.04ರಿಂದಲೂ ಬೂಟ್, ಅಂದರೆ ಸರ್ವೀಸುಗಳನ್ನು ಎಬ್ಬಿಸೋ ಕೆಲಸ, ನೋಡಿಕೊಳ್ಳೋದು ಸಿಸ್ಟಮ್‌ಡಿ. ಹೊಸ ಉಬುಂಟುವಿನಲ್ಲಿ ಆ ಫೈಲೇ ಇರೋದಿಲ್ಲ. ನೀವೇ ಸೃಷ್ಟಿಸಿ, ಎಕ್ಸಿಕ್ಯೂಟ್ ಪರ್ಮಿಷನ್ ಕೊಡೋದು ಮರೆತರೆ ಅದು ಓಡೋದೇ ಇಲ್ಲ. ಎಲ್ಲಾ ಸರಿಯಾಗೇ ಬರೆದಿರಿ ಅನ್ನಿ, ಆಗಲೂ ಎದ್ದು ಕೂತವನನ್ನೇ ಮತ್ತೆ ಎಬ್ಬಿಸಿದ ಹಾಗೆ. ಸಾಂಬಾ ಆಗಲೇ ಎದ್ದಿದೆ ಸ್ವಾಮಿ! ಏಳದಿರೋದು ನಿಮ್ಮ ಡಿಸ್ಕು.

ಯುಎಸ್‌ಬಿ ಡಿಸ್ಕನ್ನು ಮೌಂಟ್ ಮಾಡೋದು (ಒಂದು ಫೋಲ್ಡರಿಗೆ ಜೋಡಿಸೋದು) ಡೆಸ್ಕ್‌ಟಾಪು, ಅದೂ ಯಾರಾದರೂ ಲಾಗಿನ್ ಆದಮೇಲೆ. ಬೆಳಗ್ಗೆ ಮೇಸ್ತ್ರಿ ಬಂದು ಪಾಸ್‌ವರ್ಡ್ ಹೊಡೆಯೋವರೆಗೂ ಸಾಂಬಾ ಇಲ್ಲದ ಫೋಲ್ಡರನ್ನೇ ಕಾಯ್ತಾ ಕೂತಿರುತ್ತೆ. ಆಮೇಲೆ ಎಲ್ಲಾ ಸರಿಹೋಗುತ್ತೆ, ಪುಣ್ಯ ಸ್ಲೀಪ್ 30ರ ಪಾಲಾಗುತ್ತೆ.

ಮದ್ದು ಇಷ್ಟೇ. 'ಬಿಎಲ್‌ಕೆಐಡಿ' ಕಮಾಂಡಿನಿಂದ ಡಿಸ್ಕಿನ ಯುಯುಐಡಿ (ಅದರ ಗುರುತಿನ ಸಂಖ್ಯೆ) ತಗೊಂಡು ಎಫ್‌ಎಸ್‌ಟ್ಯಾಬಿನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕ್ ಯಾವ ಜಾಗದಲ್ಲಿ ಮೌಂಟ್ ಆಗಬೇಕು ಅನ್ನೋ ಪಟ್ಟಿ) ಒಂದು ಸಾಲು ಬರೀರಿ, ಸಾಂಬಾ ಕಾನ್ಫಿಗ್‌ನಲ್ಲೂ ಅದೇ ಹೊಸ ಜಾಗ ಕೊಡಿ. ಎಫ್‌ಎಸ್‌ಟ್ಯಾಬ್ ಸಾಲಿನಲ್ಲಿ 'ನೋಫೇಲ್' (ಡಿಸ್ಕ್ ಸಿಗದಿದ್ದರೂ ಬೂಟ್ ನಿಲ್ಲಿಸಬೇಡ ಅಂತ) ಬರೆಯೋದು ಬಿಡಬೇಡಿ. ಬಿಟ್ಟರೆ, ಕೇಬಲ್ ಸಡಿಲವಾದ ದಿನ ಮಷೀನು ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡಿಗೆ ಬೀಳುತ್ತೆ. ಜೊತೆಗೆ 'ಸಿಸ್ಟಮ್‌ಸಿಟಿಎಲ್ ಎಡಿಟ್ ಎಸ್‌ಎಂಬಿಡಿ' ತೆರೆದು, ಯೂನಿಟ್ ವಿಭಾಗದಲ್ಲಿ 'ರಿಕ್ವೈರ್ಸ್‌ಮೌಂಟ್ಸ್‌ಫಾರ್' ಮುಂದೆ ಆ ಜಾಗದ ಹೆಸರು ಕೊಡಿ. ಡಿಸ್ಕ್ ಬರದಿದ್ದರೆ ಸಾಂಬಾ ಕೂಡ ಏಳೋದಿಲ್ಲ. ಅದೇ ಒಳ್ಳೇದು. ಒಂದು ಕಡೆ ಇದನ್ನು ಹಾಕದೆ, ಇಡೀ ದಿನದ ಕಟಿಂಗ್ ಫೈಲುಗಳು ಖಾಲಿ ಫೋಲ್ಡರಿಗೆ, ಅಂದರೆ ಮಷೀನಿನ ಸ್ವಂತ ಡಿಸ್ಕಿಗೆ, ಸೇವ್ ಆಗಿದ್ದವು. ಮರುದಿನ ನಿಜವಾದ ಡಿಸ್ಕ್ ಅದರ ಮೇಲೆ ಮೌಂಟ್ ಆಯ್ತು, ಫೈಲುಗಳು ಮಾಯ! ಅನ್‌ಮೌಂಟ್ ಮಾಡಿ ತೋರಿಸೋವರೆಗೂ ಆಪರೇಟರ್ ಹುಡುಗನಿಗೆ ಬೈಗುಳವೋ ಬೈಗುಳ.

ಇನ್ನು ನೀವು ಕೇಳದೇ ಇದ್ದದ್ದು: ಕರೆಂಟ್ ಬಂದಮೇಲೆ ಮಷೀನನ್ನು ಆನ್ ಮಾಡೋರು ಯಾರು? ಪಕ್ಕದ ಕುಡತಿನಿಯ ಥರ್ಮಲ್ ಪ್ಲಾಂಟಿನಲ್ಲೇ ಕರೆಂಟ್ ಹುಟ್ಟಿದರೂ ನಮಗೆ ಹೋಗೋದು ತಪ್ಪಿಲ್ಲ. ಬಯಾಸ್‌ನಲ್ಲಿ (ಮಷೀನ್ ಆನ್ ಆದ ಕೂಡಲೇ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಎಸಿ ಪವರ್ ಲಾಸ್ ಅನ್ನೋ ಹೆಸರಿನ ಸೆಟ್ಟಿಂಗ್ ಹುಡುಕಿ, 'ಪವರ್ ಆನ್' ಮಾಡಿ. ಹಳೇ ಮದರ್‌ಬೋರ್ಡ್ ಆದರೆ ಬಯಾಸ್ ಸೆಟ್ಟಿಂಗ್ ಕಾಪಾಡೋ ಸಿಮಾಸ್ ಬ್ಯಾಟರಿಯನ್ನೂ ನೋಡಿ, ಸಿಆರ್ 2032 ನಂಬರಿನದು. ಅದು ಸತ್ತಿದ್ದರೆ ಈ ಸೆಟ್ಟಿಂಗೂ ಮರೆತುಹೋಗುತ್ತೆ.