ಗುರುತಿನ ಚೀಟಿ ಕೇಳಬೇಡಿ, ಅಡ್ಡಹೆಸರು ಉಳಿಸಿ

"ಬೈದಾಟ ಜಾಸ್ತಿಯಾಗಿದೆ, ಎಲ್ಲರ ಗುರುತಿನ ಚೀಟಿ ತಗೊಂಡುಬಿಡೋಣ್ವಾ?" ಚಾಟ್ ಸಮುದಾಯ ನಡೆಸುವವರು ನನ್ನನ್ನು ಮೊದಲು ಕೇಳುವುದೇ ಇದು. ಬೇಡ ಅಂದರೆ ಮುಖ ಸಪ್ಪಗಾಗುತ್ತದೆ.

ದಕ್ಷಿಣ ಕೊರಿಯಾ ಇದನ್ನು ಕಾನೂನು ಮಾಡಿಯೇ ನೋಡಿತು. 2007ರಿಂದ ದೊಡ್ಡ ತಾಣಗಳಲ್ಲಿ ಬರೆಯುವವರ ನಿಜ ಗುರುತು ಪರಿಶೀಲನೆ ಕಡ್ಡಾಯ. 2011ರಲ್ಲಿ ಒಂದೇ ಕನ್ನಕ್ಕೆ ಸುಮಾರು 3.5 ಕೋಟಿ ಬಳಕೆದಾರರ ವಿವರ ಸೋರಿತು. ಮರುವರ್ಷ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ಕಾನೂನನ್ನೇ ರದ್ದು ಮಾಡಿತು. ಕೆಟ್ಟ ಬರಹ ಹೇಳಿಕೊಳ್ಳುವಷ್ಟು ಕಡಿಮೆಯಾಗಿಲ್ಲ ಎಂಬುದೂ ತೀರ್ಪಿನಲ್ಲಿತ್ತು. ಅಷ್ಟು ದೂರ ಯಾಕೆ, ನನ್ನ ಮಾತು ಕೇಳದೆ ಸದಸ್ಯರ ಚೀಟಿಗಳನ್ನು ಒಂದು ಶೀಟ್‌ನಲ್ಲಿ ಪೇರಿಸಿಟ್ಟವರೊಬ್ಬರಿದ್ದರು. ಮುನಿಸಿಕೊಂಡು ಹೊರಟ ಮಾಡರೇಟರ್ (ಗುಂಪಿನ ಮೇಲ್ವಿಚಾರಕ) ಜೊತೆಗೆ ಶೀಟೂ ಹೊರಟಿತು.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತೊಂದಿದೆ, ಮತ್ತೆ ಹೇಳುತ್ತೇನೆ. ಇವನು ಯಾರು ಎಂದು ಗೊತ್ತಿಲ್ಲದಿರುವುದು ಬೇರೆ. ನಿನ್ನೆ ಬಂದವನೇ ಇವನು ಎಂದು ಗೊತ್ತಿಲ್ಲದಿರುವುದು ಬೇರೆ. ನಿಮಗೆ ಗೊತ್ತಿರಬೇಕಾದದ್ದು ಎರಡನೆಯದು ಮಾತ್ರ. ನಾನು ನೋಡಿಕೊಳ್ಳುತ್ತಿದ್ದ ಗುಂಪಿನಲ್ಲಿ 'ಹಳೇ ಛತ್ರಿ' ಅಂತ ಒಬ್ಬರಿದ್ದರು. ಗಂಡೋ ಹೆಣ್ಣೋ, ಇವತ್ತಿಗೂ ತಿಳಿಯದು. ಬಾಯಿ ಸ್ವಲ್ಪ ಜೋರು. "ಇನ್ನೊಂದು ಸಲ ಆದರೆ ಖಾತೆ ಹೋಗುತ್ತೆ" ಎಂದು ಬರೆದೆ, ಅಷ್ಟೇ. ಆರು ವರ್ಷ ಆ ಹೆಸರಲ್ಲಿ ಗಳಿಸಿದ ಮರ್ಯಾದೆ ಕಳೆದುಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ? ಕಳೆದುಕೊಳ್ಳಲು ಏನೂ ಇಲ್ಲದ್ದು ಐದು ನಿಮಿಷದ ಹಿಂದೆ ಹುಟ್ಟಿದ ಖಾತೆಗೆ. ಅದಕ್ಕೇ ಹೊಸಬರಿಗೆ ಒಂದೆರಡು ದಿನ ಲಿಂಕ್, ಚಿತ್ರ, ಖಾಸಗಿ ಸಂದೇಶ ಬಂದ್ ಮಾಡಿ ಅನ್ನುವುದು. ಕೊಲೆ ಬೆದರಿಕೆ, ಮಕ್ಕಳ ಶೋಷಣೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಅಲ್ಲಿ ಪೊಲೀಸರು, ವಕೀಲರು ಬೇಕು.

ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ನಿಷೇಧಿಸುತ್ತೇವೆ ಅನ್ನುವವರಿಗೆ: ಮೊಬೈಲ್ ಜಾಲಗಳಲ್ಲಿ ಒಂದೇ ವಿಳಾಸದ ಹಿಂದೆ ನೂರಾರು ಜನ ಇರಬಹುದು, ಕಿಡಿಗೇಡಿಯೊಬ್ಬನ ಜೊತೆ ಅವರೆಲ್ಲ ಹೊರಗೆ. "ನಾವು ವಿಳಾಸಗಳನ್ನು ಹ್ಯಾಶ್ ಮಾಡಿ ಇಟ್ಟಿದ್ದೇವಲ್ಲ" ಎನ್ನುವವರ ಧೈರ್ಯಕ್ಕೆ ಮೆಚ್ಚಬೇಕು! ಹ್ಯಾಶ್ ಅಂದರೆ ವಿಳಾಸವನ್ನು ನೇರವಾಗಿ ಹಿಂದಕ್ಕೆ ತಿರುಗಿಸಲಾಗದ ಅಕ್ಷರಗಳ ಸರಣಿಯಾಗಿ ಬದಲಿಸುವುದು; ಒಂದೇ ವಿಳಾಸಕ್ಕೆ ಯಾವಾಗಲೂ ಅದೇ ಸರಣಿ. ಐಪಿವಿ4ರಲ್ಲಿ (ಐಪಿ ವಿಳಾಸಗಳ ಹಳೆಯ ಪದ್ಧತಿ) ಇರುವುದೇ ಸುಮಾರು 429 ಕೋಟಿ ವಿಳಾಸ. ಬರೀ ಹ್ಯಾಶ್ ಆದರೆ ಎಲ್ಲವನ್ನೂ ಒಂದೊಂದಾಗಿ ಹ್ಯಾಶ್ ಮಾಡಿ ಹೋಲಿಸಿ ನೋಡಲು ಸಾಧಾರಣ ಲ್ಯಾಪ್‌ಟಾಪ್ ಸಾಕು. ಹ್ಯಾಶ್‌ಗೆ ಗುಪ್ತ ಕೀಲಿಯೊಂದನ್ನು ಬೆರೆಸಿ, ಆ ಕೀಲಿಯನ್ನು ಬೇರೆ ಕಡೆ ಇಡಿ, ಆಗಾಗ ಬದಲಿಸಿ ಹಳೆಯದನ್ನು ಅಳಿಸಿ. ಎಷ್ಟು ದಿನಕ್ಕೊಮ್ಮೆ ಅಂತೀರಾ? ನಿಮ್ಮಲ್ಲಿ ಐಪಿ ನಿಷೇಧ ಎಷ್ಟು ದಿನದ್ದೋ, ಹೆಚ್ಚುಕಡಿಮೆ ಅಷ್ಟಕ್ಕೆ.