ಗರ್ಭ ಉಳಿಸುವ ಚುಚ್ಚುಮದ್ದಿಗೆ ಮುನ್ನ ಗರ್ಭಕೋಶ ನೋಡಬೇಕು

ಹೆಣ್ಣು ಕುದುರೆ ಎರಡು ಬೆದೆಯಲ್ಲಿ ಗಬ್ಬ ಕಟ್ಟದೆ ಹೋದರೆ ಸಾಕು, ಮೂರನೆಯ ಸಲ ಗಂಡಿಗೆ ಕೊಡಿಸಿದ ಮರುದಿನವೇ ಪ್ರೊಜೆಸ್ಟರಾನ್ ಕೊಟ್ಟುಬಿಡಿ ಎಂದು ಕುದುರೆ ಸಾಕುವವರು ನಮ್ಮಂಥ ಪಶುವೈದ್ಯರನ್ನು ಒತ್ತಾಯಿಸುತ್ತಾರೆ. ಕೆಲವರು ಕೇಳುವುದೂ ಇಲ್ಲ, ಕೊಟ್ಟಾದ ಮೇಲೆ ತಿಳಿಸುತ್ತಾರೆ. ಗರ್ಭವನ್ನು ಉಳಿಸುವ ಹಾರ್ಮೋನು ಎಂದ ಮೇಲೆ ಅದರಿಂದ ಕೇಡಾಗಲು ಹೇಗೆ ಸಾಧ್ಯ ಎಂಬುದು ಅವರ ಪ್ರಶ್ನೆ. ಹಾರ್ಮೋನಿನ ಗುಣವನ್ನು ಅವರು ಸರಿಯಾಗಿಯೇ ತಿಳಿದಿದ್ದಾರೆ, ಕೊಡುವ ಹೊತ್ತನ್ನು ಮಾತ್ರ ತಪ್ಪುತ್ತಾರೆ.

ಬೆದೆಯ ದಿನಗಳಲ್ಲಿ ಈಸ್ಟ್ರೋಜನ್ ಎಂಬ ಇನ್ನೊಂದು ಹಾರ್ಮೋನು ಹೆಚ್ಚಿರುತ್ತದೆ. ಆಗ ಗರ್ಭಕಂಠ ಸಡಿಲಗೊಳ್ಳುತ್ತದೆ, ಗರ್ಭಕೋಶಕ್ಕೆ ರಕ್ತ ಧಾರಾಳವಾಗಿ ಹರಿಯುತ್ತದೆ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬೇಗನೆ ಬಂದು ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ, ಸ್ನಾಯುಗಳು ಹಿಂಡಿ ಹಿಂಡಿ ಒಳಗಿನ ದ್ರವವನ್ನು ಹೊರದಬ್ಬುತ್ತವೆ. ಈ ಕೊನೆಯ ಮಾತನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಕ್ರಿಮಿಯನ್ನು ಕೊಂದರೆ ಅರ್ಧ ಕೆಲಸವಷ್ಟೇ ಆಯಿತು. ಸತ್ತ ಕಣ, ಉಳಿದ ವೀರ್ಯ, ಕೀವು ಎಲ್ಲವೂ ತೆರೆದ ಗರ್ಭಕಂಠದ ಮೂಲಕ ಹೊರಬಿದ್ದಾಗಲೇ ಅದು ಪೂರ್ತಿಯಾಗುವುದು.

ಕೂಡಿದ ನಂತರ ಗರ್ಭಕೋಶ ಉರಿಯೂತಕ್ಕೆ ಒಳಗಾಗುವುದು ರೋಗವಲ್ಲ. ವೀರ್ಯಾಣುಗಳೇ ನ್ಯೂಟ್ರೋಫಿಲ್‌ಗಳನ್ನು ಸೆಳೆಯುತ್ತವೆ, ಹಾಗಾಗಿ ಪ್ರತಿಯೊಂದು ಕುದುರೆಯಲ್ಲೂ ಇದು ಆಗುತ್ತದೆ. ಆರೋಗ್ಯವಂತ ಕುದುರೆ ಅದನ್ನು 24ರಿಂದ 48 ಗಂಟೆಗಳೊಳಗೆ ಮುಗಿಸಿಕೊಳ್ಳುತ್ತದೆ. ವಯಸ್ಸಾದ, ಗರ್ಭಕೋಶ ಜೋತುಬಿದ್ದ ಅಥವಾ ಗರ್ಭಕಂಠ ಸರಿಯಾಗಿ ಸಡಿಲಗೊಳ್ಳದ ಕುದುರೆಗೆ ಅದು ಸಾಧ್ಯವಾಗದೆ ದ್ರವ ಒಳಗೇ ನಿಲ್ಲುತ್ತದೆ. ಅಂಡೋತ್ಪತ್ತಿಯಾದ ಮೇಲೆ ಅವಳದೇ ಪ್ರೊಜೆಸ್ಟರಾನ್ ಏರತೊಡಗಿ, ಗರ್ಭಕಂಠ ಬಿಗಿದು, ಸ್ನಾಯುಗಳ ಹಿಂಡುವಿಕೆ ಮಂದವಾಗುತ್ತದೆ. ಹೊರಗಿನಿಂದ ಇನ್ನಷ್ಟು ಕೊಟ್ಟರೆ, ಕಸ ಇನ್ನೂ ಒಳಗಿರುವಾಗಲೇ ಬಾಗಿಲು ಹಾಕಿದಂತಾಗುತ್ತದೆ. ಅಂಡಾಶಯ ತೆಗೆದ ಕುದುರೆಗಳಿಗೆ ಒಂದೊಂದೇ ಹಾರ್ಮೋನು ಕೊಟ್ಟು ನೋಡಿದ ಪ್ರಯೋಗಗಳಲ್ಲಿ, ಈಸ್ಟ್ರೋಜನ್ ಪಡೆದವು ಗರ್ಭಕೋಶಕ್ಕೆ ಹಾಕಿದ ಬ್ಯಾಕ್ಟೀರಿಯಾವನ್ನು ಬೇಗ ತೆರವು ಮಾಡಿದವು, ಪ್ರೊಜೆಸ್ಟರಾನ್ ಪಡೆದವು ನಿಧಾನಿಸಿದವು.

ಅವಸರಕ್ಕೆ ಕಾರಣವಾದರೂ ಏನಿದೆ? ಭ್ರೂಣ ಅಂಡನಾಳದಿಂದ ಗರ್ಭಕೋಶಕ್ಕೆ ಇಳಿಯುವುದು ಅಂಡೋತ್ಪತ್ತಿಯಾಗಿ ಸುಮಾರು ಆರನೆಯ ದಿನ. ಅಲ್ಲಿಯವರೆಗೆ ಗರ್ಭಕೋಶವನ್ನು ಶುಚಿಗೊಳಿಸಲು ಸಮಯ ಇದ್ದೇ ಇದೆ, ಆದರೆ ಮೊದಲ ಒಂದೆರಡು ದಿನಗಳಷ್ಟು ಸುಲಭದ ಸಮಯ ಮತ್ತೆ ಸಿಗುವುದಿಲ್ಲ. ತೊಳೆದರೆ ವೀರ್ಯವೂ ಹೋಗುತ್ತದಲ್ಲ ಎಂದು ಅಂಜುವವರಿಗೆ ಹೇಳುವುದಿಷ್ಟೆ: ಫಲೀಕರಣಕ್ಕೆ ಬೇಕಾದ ವೀರ್ಯಾಣುಗಳು ಕೂಡಿದ ನಾಲ್ಕು ಗಂಟೆಯೊಳಗೆ ಅಂಡನಾಳ ಸೇರಿರುತ್ತವೆ.

ಕಳೆದ ಹಂಗಾಮಿನಲ್ಲಿ ಹದಿನೈದು ವರ್ಷದ, ಒಮ್ಮೆಯೂ ಈಯದ ಕುದುರೆಯೊಂದನ್ನು ಅದರ ಮಾಲೀಕರು ಕರೆತಂದರು. ರಾತ್ರಿಯೆಲ್ಲ ಲಾಯದಲ್ಲೇ ಮಲಗಿ ಅದನ್ನು ಕಾಯುವಷ್ಟು ಅಕ್ಕರೆ ಅವರಿಗೆ. ಆ ಅಕ್ಕರೆಯಿಂದಲೇ ಎರಡು ಸಲ ಮರುದಿನ ಪ್ರೊಜೆಸ್ಟರಾನ್ ಕೊಡಿಸಿದ್ದರು. ಸ್ಕ್ಯಾನ್‌ನಲ್ಲಿ ಗರ್ಭಕೋಶದ ತುಂಬ ದ್ರವವಿತ್ತು. ಮದ್ದು ನಿಲ್ಲಿಸಿ, ಪ್ರೊಸ್ಟಗ್ಲಾಂಡಿನ್ ಕೊಟ್ಟು ಮತ್ತೆ ಬೆದೆಗೆ ತಂದು, ಸೋಂಕಿಗೆ ಚಿಕಿತ್ಸೆ ಮುಗಿಸಿ, ಮುಂದಿನ ಬೆದೆಯಲ್ಲಿ ಒಮ್ಮೆ ಮಾತ್ರ ಗಂಡಿಗೆ ಕೊಡಿಸಿದೆವು. ಆರು ಗಂಟೆಯ ನಂತರ ಲವಣ ದ್ರಾವಣದಿಂದ ತೊಳೆದು, ಗರ್ಭಕೋಶದ ಸ್ನಾಯುಗಳನ್ನು ಹಿಂಡಿಸುವ ಆಕ್ಸಿಟೋಸಿನ್ ಕೊಟ್ಟೆ. ಮರುದಿನ ಮತ್ತೆ ಸ್ಕ್ಯಾನ್ ಮಾಡಿದಾಗ ದ್ರವ ಇರಲಿಲ್ಲ. ಅವರು ಅಂದೂ ಕೇಳಿದರು, “ಡಾಕ್ಟರೇ, ಈಗಲಾದರೂ ಆ ಇಂಜೆಕ್ಷನ್ ಕೊಡಬಹುದಲ್ಲವೇ?” ಬೇಡವೆಂದೆ.

ಪ್ರೊಜೆಸ್ಟರಾನ್ ಎಂದಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಗರ್ಭಕೋಶ ಶುಚಿಯಾಗಿದೆಯೆಂದು ಕಂಡ ಮೇಲೆ, ತಕ್ಕ ಕಾರಣವಿದ್ದಾಗ ನಾನೂ ಕೊಡುತ್ತೇನೆ. ಆ ಕುದುರೆಗೆ ಅಂಥ ಕಾರಣ ಇರಲಿಲ್ಲ. 14ನೆಯ ದಿನ ದುಂಡನೆಯ ಭ್ರೂಣಕೋಶ ಕಾಣಿಸಿತು. ಗಾಳಿ ಒಳಸೇರದಂತೆ ಅದರ ಯೋನಿದ್ವಾರದ ಮೇಲ್ಭಾಗಕ್ಕೆ ಹೊಲಿಗೆಯನ್ನೂ ಹಾಕಿದ್ದೆವು, ಆದ್ದರಿಂದ ಫಲ ಸಿಕ್ಕಿದ್ದು ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲಾರೆ.