ಯೂಟ್ಯೂಬ್ ಇರುವಾಗ ತರಗತಿಗೆ ಲೈವ್ ವಿಡಿಯೊ ಸೆಷನ್ ಯಾಕೆ?

ಪ್ರಶ್ನೆ: ನಾನು ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಮ್ಯೂಸಿಯಂನವರ ಜೊತೆ, ವಿಜ್ಞಾನಿಗಳ ಜೊತೆ ಲೈವ್ ವಿಡಿಯೊ ಕಾನ್ಫರೆನ್ಸ್ ಮಾಡಿಸಿ ಅಂತ ಹೆಡ್‌ಮಾಸ್ಟರು ಹೇಳುತ್ತಿದ್ದಾರೆ. ಅದೇ ವಿಷಯದ ಮೇಲೆ ಚೆನ್ನಾಗಿ ಎಡಿಟ್ ಮಾಡಿದ ವಿಡಿಯೊಗಳು ಯೂಟ್ಯೂಬ್‌ನಲ್ಲೇ ಸಿಗುತ್ತವೆ. ಅವು ಮಧ್ಯದಲ್ಲಿ ಕಟ್ ಆಗುವುದಿಲ್ಲ, ಬೇಕೆಂದಾಗ ನಿಲ್ಲಿಸಬಹುದು. ಲೈವ್‌ನಲ್ಲಿ ನೆಟ್ ಕೈಕೊಟ್ಟರೆ ಒಂದು ಪೀರಿಯಡ್ ಹಾಳು. ಇಷ್ಟೆಲ್ಲ ತಾಪತ್ರಯ ಯಾಕೆ?

ಉತ್ತರ: ನಿಮ್ಮ ಅನುಮಾನ ಅರ್ಧ ಸರಿ. ಆ ಕಡೆಯವರು ಮುಕ್ಕಾಲು ಗಂಟೆ ಸ್ಲೈಡ್ ತೋರಿಸಿ, ಕೊನೆಯಲ್ಲಿ ‘ಏನಾದರೂ ಪ್ರಶ್ನೆ ಇದೆಯಾ?’ ಎಂದು ಕೇಳಿ ಕೈಬೀಸಿ ಹೋಗುವ ಸೆಷನ್ ಆದರೆ ಅದಕ್ಕಿಂತ ಯೂಟ್ಯೂಬ್ ಎಷ್ಟೋ ವಾಸಿ. ಅಂಥ ಸೆಷನ್‌ಗಳು ಬೇಕಾದಷ್ಟಿವೆ. ಕೂತು ಕೂತು ನನಗೂ ಆಕಳಿಕೆ ಬಂದದ್ದುಂಟು.

ಉಳಿದ ಅರ್ಧಕ್ಕೆ ಒಂದು ಹಲ್ಲಿನ ಕಥೆ ಹೇಳುತ್ತೇನೆ. ಕೆಲವು ವರ್ಷ ಇಂಥ ಸೆಷನ್‌ಗಳಿಗೆ ಲ್ಯಾಪ್‌ಟಾಪು, ಮೈಕು, ವೈರು ಹೊತ್ತು ಓಡಾಡುವ ಕೆಲಸ ನನ್ನದಾಗಿತ್ತು. ಒಂದು ದಿನ ಆ ಕಡೆ ಮ್ಯೂಸಿಯಂನ ಒಬ್ಬ ಮೇಡಂ, ಅವರ ಕೈಯಲ್ಲಿ ಡೈನೊಸಾರ್ ಹಲ್ಲು. ಬಾಳೆಹಣ್ಣಿನ ಹಾಗೆ ಬಾಗಿದ್ದು. ಕ್ಯಾಮೆರಾದ ಮುಂದೆ ಹಿಡಿದು ವಿವರಿಸುತ್ತಿದ್ದರು. ಮೂರನೇ ಬೆಂಚಿನ ಹುಡುಗಿ ಎದ್ದು, ‘ಅದರ ಹಿಂದುಗಡೆ ಹೇಗಿದೆ?’ ಅಂದಳು. ಮೇಡಂ ಹಲ್ಲನ್ನು ತಿರುಗಿಸಿ, ಲೆನ್ಸಿಗೆ ತಾಗುವಷ್ಟು ಹತ್ತಿರ ತಂದರು. ಅಂಚಿನ ಉದ್ದಕ್ಕೂ ಗರಗಸದಂಥ ಸಣ್ಣ ಸಣ್ಣ ಹಲ್ಲುಗಳು. ‘ಇದರ ಮೇಲೆ ಉಗುರು ಎಳೆದರೆ ಹೇಗೆ ಕೇಳುತ್ತೆ ನೋಡಿ’ ಅಂತ ಮೈಕಿನ ಪಕ್ಕ ಹಿಡಿದು ಎಳೆದರು. ಕರ್‍ರ್ ಎಂದಿತು. ಕ್ಲಾಸಿಡೀ ಮೈ ಜುಮ್ಮೆನಿಸಿಕೊಂಡು ನಕ್ಕಿತು.

ರೆಕಾರ್ಡ್ ಮಾಡಿದ ವಿಡಿಯೊದಲ್ಲಿ ಹಲ್ಲಿನ ಹಿಂಬದಿ ಕಾಣುವುದು ಎಡಿಟರ್ ಮನಸ್ಸು ಮಾಡಿದ್ದರೆ ಮಾತ್ರ. ಇಲ್ಲಿ ಹಲ್ಲು ತಿರುಗಿದ್ದು ಆ ಹುಡುಗಿ ಕೇಳಿದ್ದಕ್ಕೆ. ಲೈವ್‌ಗೆ ಬೆಲೆ ಬರುವುದು ಇಲ್ಲಿಂದ. ಮಕ್ಕಳು ಮಾಡಿದ ಏನೋ ಒಂದಕ್ಕೆ ಆ ಕಡೆ ಏನಾದರೂ ಬದಲಾಗಬೇಕು. ಬದಲಾಗದಿದ್ದರೆ ಅದು ಟಿವಿ.

ಇದು ಬರೀ ನನ್ನ ಅನಿಸಿಕೆ ಅಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ, ರೋಸ್‌ಬೆರಿ, ಹರ್ಷ್-ಪಾಸೆಕ್, ಗೋಲಿಂಕಾಫ್ ಎಂಬ ಮೂವರು ಸಂಶೋಧಕಿಯರದ್ದು. ಎರಡರಿಂದ ಎರಡೂವರೆ ವರ್ಷದ 36 ಮಕ್ಕಳಿಗೆ ಹೊಸ ಕ್ರಿಯಾಪದಗಳನ್ನು ಮೂರು ರೀತಿಯಲ್ಲಿ ಕಲಿಸಿ ನೋಡಿದರು. ಕೆಲವರಿಗೆ ಎದುರಿಗೆ ಕೂತು, ಕೆಲವರಿಗೆ ಲೈವ್ ವಿಡಿಯೊ ಕರೆಯಲ್ಲಿ. ಇನ್ನು ಕೆಲವರಿಗೆ ಬೇರೆ ಮಗುವಿನ ಜೊತೆ ನಡೆದ ಕರೆಯ ರೆಕಾರ್ಡಿಂಗ್ ಹಾಕಿ ತೋರಿಸಿದರು. ಎದುರಿಗೆ ಕೂತ ಮಕ್ಕಳೂ ಕಲಿತರು, ಲೈವ್ ಕರೆಯ ಮಕ್ಕಳೂ ಕಲಿತರು. ರೆಕಾರ್ಡಿಂಗ್ ನೋಡಿದವರು ಕಲಿಯಲಿಲ್ಲ. ಲೈವ್ ಕರೆ, ರೆಕಾರ್ಡಿಂಗ್ ಎರಡರಲ್ಲೂ ಪರದೆ ಇತ್ತು. ಮಗು ಏನಾದರೂ ಅಂದಾಗ ಅದಕ್ಕೆ ಸರಿಯಾಗಿ ಮರುಮಾತು ಬರುತ್ತಿದ್ದದ್ದು ಲೈವ್‌ನಲ್ಲಿ ಮಾತ್ರ. ಏಳನೇ ತರಗತಿಯ ಮಕ್ಕಳು ರೆಕಾರ್ಡಿಂಗ್‌ನಿಂದಲೂ ಕಲಿಯುತ್ತಾರೆ, ಅದು ಬೇರೆ ಮಾತು. ಆದರೆ ‘ನನಗೇ ಹೇಳುತ್ತಿದ್ದಾರೆ’ ಅನಿಸಿದಾಗ ಬೆನ್ನು ನೆಟ್ಟಗಾಗುವುದು ಎಲ್ಲ ವಯಸ್ಸಿಗೂ ಇದ್ದದ್ದೇ, ಅಲ್ವಾ?

ಈ ಆಲೋಚನೆ ಇಂಟರ್‌ನೆಟ್‌ಗಿಂತ ಹಳೆಯದು. ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 1951ರಲ್ಲೇ ರೇಡಿಯೊ ಶಾಲೆ ಶುರುವಾಯಿತು. ನೂರಾರು ಕಿಲೋಮೀಟರ್ ದೂರದ ದನದ ಫಾರ್ಮುಗಳಲ್ಲಿ ಬೆಳೆಯುವ ಮಕ್ಕಳು, ವಿಮಾನದಲ್ಲಿ ಬಂದು ಚಿಕಿತ್ಸೆ ಕೊಡುವ ಫ್ಲೈಯಿಂಗ್ ಡಾಕ್ಟರ್ ಸೇವೆಗೆ ಬಳಸುತ್ತಿದ್ದ ಎರಡು ಕಡೆಯ ರೇಡಿಯೊದಲ್ಲಿ ಟೀಚರ್ ಜೊತೆ ಮಾತಾಡುತ್ತಿದ್ದರು. ಚಿತ್ರ ಇಲ್ಲ, ಧ್ವನಿ ಮಾತ್ರ. ಆದರೂ ಪ್ರಶ್ನೆ ಕೇಳಿದರೆ ಉತ್ತರ ಬರುತ್ತಿತ್ತು. ಮುಂದೆ 1985ರಲ್ಲಿ ಟೈಟಾನಿಕ್ ಹಡಗಿನ ಅವಶೇಷ ಪತ್ತೆಮಾಡಿದ ತಂಡದ ರಾಬರ್ಟ್ ಬ್ಯಾಲರ್ಡ್‌ಗೆ ಮಕ್ಕಳಿಂದ ಸಾವಿರಾರು ಪತ್ರ ಬಂದವು. ಮುಂದಿನ ಸಲ ನಾವೂ ಬರಬಹುದಾ ಎಂಬುದೇ ಅವುಗಳ ಮಾತು. ಎಲ್ಲರನ್ನೂ ಹಡಗಿಗೆ ಹತ್ತಿಸಲು ಆಗುತ್ತದೆಯೇ? ಅದಕ್ಕೇ 1989ರಲ್ಲಿ ಅವರು ಜೇಸನ್ ಪ್ರಾಜೆಕ್ಟ್ ಶುರುಮಾಡಿ, ಸಮುದ್ರದಡಿಯ ಶೋಧವನ್ನು ಉಪಗ್ರಹದ ಮೂಲಕ ಮಕ್ಕಳಿಗೆ ನೇರವಾಗಿ ತೋರಿಸಿದರು. ಇವತ್ತು ಅವರ ಸಂಸ್ಥೆಯ ನಾಟಿಲಸ್ ಹಡಗಿನಿಂದ ವಿಜ್ಞಾನಿಗಳು ತರಗತಿಗಳ ಜೊತೆ ಲೈವ್ ಆಗಿ ಮಾತಾಡುತ್ತಾರೆ.

ಚೀನಾದ ಗಗನಯಾತ್ರಿ ವಾಂಗ್ ಯಾಪಿಂಗ್ 2013ರ ಜೂನ್ 20ರಂದು ಟಿಯಾಂಗಾಂಗ್-1 ಎಂಬ ಬಾಹ್ಯಾಕಾಶ ಪ್ರಯೋಗಾಲಯದಿಂದ ಪಾಠ ಮಾಡಿದರು. ಒಂದು ಲೋಹದ ಉಂಗುರದಲ್ಲಿ ನೀರಿನ ಪೊರೆ ಮಾಡಿ, ಅದಕ್ಕೆ ನೀರು ಸೇರಿಸುತ್ತ ಹೋಗಿ ಗೋಲಿಯಂತೆ ದುಂಡಗಿನ ನೀರಿನ ಚೆಂಡು ಮಾಡಿದರು. ಕೆಂಪು ಬಣ್ಣ ಹಾಕಿದಾಗ ಅದು ಒಳಗೆಲ್ಲ ಹರಡಿತು. ಬೀಜಿಂಗ್‌ನ ಒಂದು ತರಗತಿಯಲ್ಲಿ ಕೂತ ಸುಮಾರು 330 ಮಕ್ಕಳು ಪ್ರಶ್ನೆ ಕೇಳಿದರು. ಅಲ್ಲಿಂದ ನಕ್ಷತ್ರ ಹೇಗೆ ಕಾಣುತ್ತೆ, ಹಾರುವ ತಟ್ಟೆ ಏನಾದರೂ ಕಂಡಿತಾ ಅಂತೆಲ್ಲ. ದೇಶದ ತುಂಬ ಮಕ್ಕಳು, ಟೀಚರುಗಳು ಸೇರಿ ಸುಮಾರು 6 ಕೋಟಿ ಜನ ಇದನ್ನು ನೋಡಿದರು ಎಂದು ಆಗ ವರದಿಯಾಯಿತು. ಲೈವ್ ಕ್ಲಾಸ್ ಅಂತ ನಾನು ಕರೆಯುವುದು ಆ 330 ಮಕ್ಕಳಿಗೆ ಆದದ್ದನ್ನು. ಉಳಿದವರು ಒಳ್ಳೆಯ ಟಿವಿ ಕಾರ್ಯಕ್ರಮ ನೋಡಿದರು. ಅದೂ ದೊಡ್ಡದೇ, ಇಲ್ಲ ಅನ್ನುವುದಿಲ್ಲ. ಆದರೆ ಎರಡೂ ಒಂದೇ ಅಲ್ಲ.

ಈ ವ್ಯತ್ಯಾಸ ಬುಕ್ ಮಾಡುವಾಗಲೇ ಕಣ್ಣಿಗೆ ಬೀಳುತ್ತದೆ. ಕೆನಡಾದ ‘ಎಕ್ಸ್‌ಪ್ಲೋರಿಂಗ್ ಬೈ ದ ಸೀಟ್ ಆಫ್ ಯುವರ್ ಪ್ಯಾಂಟ್ಸ್’ ಎಂಬ ಸಂಸ್ಥೆ ಲೋಕದ ಮೂಲೆ ಮೂಲೆಯ ಶೋಧಕರನ್ನು ತರಗತಿಗಳಿಗೆ ಕರೆತರುತ್ತದೆ. ಅವರ ಸೆಷನ್‌ಗಳಲ್ಲಿ ಕೆಲವೇ ತರಗತಿಗಳಿಗೆ ಕ್ಯಾಮೆರಾದ ಜಾಗ, ಅಂದರೆ ಮುಖ ತೋರಿಸಿ ನೇರವಾಗಿ ಮಾತಾಡುವ ಅವಕಾಶ, ಸಿಗುತ್ತದೆ. ಉಳಿದವರು ಯೂಟ್ಯೂಬ್ ಲೈವ್‌ನಲ್ಲಿ ನೋಡಿ, ಪ್ರಶ್ನೆ ಟೈಪ್ ಮಾಡಿ ಕಳಿಸಬಹುದು. ಕ್ಯಾಮೆರಾದ ಜಾಗ ಸಿಕ್ಕಿದರೆ ಹಿಡಿಯಿರಿ. ಸಿಗದಿದ್ದರೆ ಅದಕ್ಕಾಗಿ ಟೈಮ್‌ಟೇಬಲ್ ಕದಡಬೇಡಿ, ನಾಳೆ ನಿಮಗೆ ಅನುಕೂಲವಾದಾಗ ರೆಕಾರ್ಡಿಂಗ್ ಹಾಕಿ. ನಾಸಾದಂಥ ಕಡೆಗಳಲ್ಲಿ ಇಂಥದ್ದಕ್ಕೆ ದುಡ್ಡು ಕೊಡಬೇಕಿಲ್ಲ. ಕೆಲವು ಮ್ಯೂಸಿಯಂಗಳು ಫೀಸು ತೆಗೆದುಕೊಳ್ಳುತ್ತವೆ. ಫೀಸು ಕೊಡುವುದಾದರೆ ಮೊದಲೇ ಒಂದು ಪ್ರಶ್ನೆ ಕೇಳಿ: ನಮ್ಮ ಜೊತೆ ಇನ್ನೆಷ್ಟು ತರಗತಿಗಳು ಇರುತ್ತವೆ?

ಇನ್ನು ತಾಪತ್ರಯದ ಮಾತು. ನೆಟ್ ಕೈಕೊಡುವ ಭಯ ಎಲ್ಲರಿಗೂ ಇರುತ್ತದೆ. ನಿಜ ಹೇಳಬೇಕೆಂದರೆ ನನ್ನ ಸೆಷನ್‌ಗಳು ಕೆಟ್ಟದ್ದು ಜಾಸ್ತಿ ನೆಟ್‌ನಿಂದಲ್ಲ, ಧ್ವನಿಯಿಂದ. ಚಿತ್ರ ಅರೆ ನಿಮಿಷ ನಿಂತರೆ ಮಕ್ಕಳು ಸಹಿಸುತ್ತಾರೆ. ಮಾತು ಕೇಳದಿದ್ದರೆ ಎರಡನೇ ನಿಮಿಷಕ್ಕೆ ಹಿಂದಿನ ಬೆಂಚಿನಲ್ಲಿ ಸಂತೆ ಶುರು.

ತರಗತಿ ಕೋಣೆ ಅಂದರೆ ಬೋಳು ಗೋಡೆ, ಗಟ್ಟಿ ನೆಲ, ಮೇಲೆ ಫ್ಯಾನು. ಲ್ಯಾಪ್‌ಟಾಪಿನ ಮೈಕು ಮಾಡಿರುವುದು ಒಂದಡಿ ದೂರದಲ್ಲಿ ಕೂತ ಒಬ್ಬರಿಗಾಗಿ. ನಾಲ್ಕನೇ ಬೆಂಚಿನಿಂದ ಬಂದ ಪ್ರಶ್ನೆ ಆ ಕಡೆಗೆ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಇದರ ಮೇಲೆ ಇನ್ನೊಂದು: ವಿಡಿಯೊ ಆ್ಯಪ್‌ಗಳು ಹಿನ್ನೆಲೆ ಗದ್ದಲವನ್ನು ತಾವೇ ಕತ್ತರಿಸುತ್ತವೆ. ಅವುಗಳ ಲೆಕ್ಕದಲ್ಲಿ ಮೂವತ್ತು ಮಕ್ಕಳು ಒಟ್ಟಿಗೆ ‘ಹೌದು!’ ಅಂತ ಕೂಗುವುದೂ ಗದ್ದಲವೇ. ನೀವು ಇಲ್ಲಿ ಕಿವಿ ಮುಚ್ಚಿಕೊಳ್ಳುತ್ತಿರುತ್ತೀರಿ, ಆ ಕಡೆಯವರಿಗೆ ಮೌನ. ಪಾಪ, ಅವರು ‘ಮಕ್ಕಳಿಗೆ ಬೇಜಾರಾಗಿದೆ’ ಅಂದುಕೊಂಡು ಬೇಗ ಬೇಗ ಮುಗಿಸುತ್ತಾರೆ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಈ ಗದ್ದಲ ಕತ್ತರಿಸುವುದನ್ನು ಕಡಿಮೆ ಮಾಡಬಹುದು.

ನಾನು ಕಡೆಗೆ ಕಂಡುಕೊಂಡ ಉಪಾಯ ಬಹಳ ಸರಳ. ಲ್ಯಾಪ್‌ಟಾಪಿನ ಎದುರು ನೆಲದ ಮೇಲೆ ಬಣ್ಣದ ಟೇಪಿನಲ್ಲಿ ಒಂದು ಗುರುತು. ಪ್ರಶ್ನೆ ಕೇಳುವವರು ಎದ್ದು ಬಂದು ಆ ಗುರುತಿನ ಮೇಲೆ ನಿಂತು ಕೇಳಬೇಕು. ಧ್ವನಿಯೂ ಸರಿಯಾಗಿ ಹೋಗುತ್ತದೆ, ಮುಖವೂ ಕಾಣುತ್ತದೆ. ಆ ಕಡೆಯವರು ಅದೇ ಮಗುವನ್ನು ನೋಡಿ ಮಾತಾಡುತ್ತಾರೆ. ಮುಂದೆ ಬರಲು ನಾಚುವ ಮಕ್ಕಳು ಇದ್ದೇ ಇರುತ್ತಾರೆ. ಅವರು ಚೀಟಿಯಲ್ಲಿ ಬರೆದುಕೊಟ್ಟರೆ ಗೆಳೆಯರು ಓದಬಹುದು. ಬಾಹ್ಯಾಕಾಶ ನಿಲ್ದಾಣದ ಜೊತೆ ಹ್ಯಾಮ್ ರೇಡಿಯೊದಲ್ಲಿ (ಹವ್ಯಾಸಿಗಳು ನಡೆಸುವ ರೇಡಿಯೊ) ಮಾತಾಡುವ ಶಾಲೆಗಳು ಮಾಡುವುದೂ ಇದನ್ನೇ. ನಿಲ್ದಾಣ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ತಲೆ ಮೇಲೆ ಹಾದುಹೋಗುವುದರಿಂದ ಮಾತಿಗೆ ಸಿಗುವುದು ಹತ್ತೇ ನಿಮಿಷ. ಹಾಗಾಗಿ ಮಕ್ಕಳು ಮೊದಲೇ ಪ್ರಶ್ನೆ ಬರೆದುಕೊಂಡು, ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಮೈಕಿಗೆ ಬರುತ್ತಾರೆ. ಪ್ರಶ್ನೆ ಮುಗಿದಾಗ ‘ಓವರ್’ ಅನ್ನುತ್ತಾರೆ. ಹತ್ತು ನಿಮಿಷಕ್ಕೆ ವಾರಗಟ್ಟಲೆ ತಯಾರಿ. ನಿಮಗೆ ಮುಕ್ಕಾಲು ಗಂಟೆ ಸಿಕ್ಕಿದರೂ ಹತ್ತೇ ನಿಮಿಷ ಇದೆ ಅಂದುಕೊಂಡು ತಯಾರಾಗಿ.

ಆ ‘ಓವರ್’ ಸುಮ್ನೆ ಶೋಕಿಗಲ್ಲ. ಅಂಥ ರೇಡಿಯೊದಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ವಿಡಿಯೊದಲ್ಲಿ ಅದು ಉಪಯೋಗಕ್ಕೆ ಬರುವುದು ಇನ್ನೊಂದು ಕಾರಣಕ್ಕೆ: ದೂರದ ಮಾತಿಗೆ ತಡ ಇದ್ದೇ ಇರುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ಮಾತು ತಲುಪಿದರೆ ಸಹಜವಾಗಿ ಇರುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಲೆಕ್ಕ. 35,786 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹೋಗಿ ಬರುವ ಮಾತಿಗೆ ಹಾದಿಯಲ್ಲೇ ಕಾಲು ಸೆಕೆಂಡು ಹಿಡಿಯುತ್ತದೆ, ಮರುಮಾತಿಗೆ ಇನ್ನೊಂದು ಕಾಲು. ಇಷ್ಟು ಸಾಕು, ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ‘ಸಾರಿ’ ಅಂದು, ಇಬ್ಬರೂ ಸುಮ್ಮನಾಗಲು. ತಡ ಜಾಸ್ತಿ ಇರುವ ಕಡೆ ಮಕ್ಕಳಿಗೆ ‘ಓವರ್’ ಆಟ ಕಲಿಸಿಬಿಡಿ, ಖುಷಿಯಿಂದ ಆಡುತ್ತಾರೆ.

ನೀವು ಮಾಡಬೇಕಾದ ಇನ್ನೊಂದು ಕೆಲಸ ಬಾಯಿ ಮುಚ್ಚಿಕೊಂಡಿರುವುದು. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಸಾಮಾನ್ಯವಾಗಿ ಒಂದೇ ಸೆಕೆಂಡು ಕಾಯುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿಕೊಟ್ಟರು. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ. ವಿಡಿಯೊದಲ್ಲಿ ತಡವೂ ಸೇರುವುದರಿಂದ ಇನ್ನೂ ಸ್ವಲ್ಪ ಕಾಯಬೇಕು. ಅತಿಥಿ ಎದುರು ಮರ್ಯಾದೆ ಹೋದೀತು ಅಂತ ‘ಹೇಳ್ರೋ, ಮೊನ್ನೆ ತಾನೇ ಮಾಡಿದ್ವಲ್ಲ!’ ಎಂದು ಟೀಚರು ಹಿಂದಿನಿಂದ ತಿವಿಯುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಅಲ್ಲಿಗೆ ಮಕ್ಕಳ ಬಾಯಿ ಬಂದ್.

ಕೈಗೆ ಏನಾದರೂ ಕೊಡುವ ಸೆಷನ್ ಸಿಕ್ಕಿದರೆ ಬಿಡಬೇಡಿ. ಅಟ್ಲಾಂಟಾದ ಸೆಂಟರ್ ಫಾರ್ ಪಪೆಟ್ರಿ ಆರ್ಟ್ಸ್ ಎಂಬ ಗೊಂಬೆಯಾಟದ ಸಂಸ್ಥೆಯ ಸೆಷನ್‌ಗಳಲ್ಲಿ ಆ ಕಡೆಯವರು ಹೇಳಿಕೊಟ್ಟ ಹಾಗೆ ಈ ಕಡೆ ಮಕ್ಕಳು ಗೊಂಬೆ ಮಾಡುತ್ತಾರೆ. ಸಾಮಾನು ಮೊದಲೇ ತಂದಿಟ್ಟುಕೊಳ್ಳಬೇಕು. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನ ರೀಫ್ ಎಚ್‌ಕ್ಯೂ ಅಕ್ವೇರಿಯಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅಲ್ಲಿಂದ ಮುಳುಗುಗಾರರು ನೀರಿನೊಳಗಿದ್ದುಕೊಂಡೇ ತರಗತಿಗಳ ಜೊತೆ ಮಾತಾಡುತ್ತಿದ್ದರು.

ಚಿಕ್ಕಪುಟ್ಟ ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ವೈಫೈ ಬೇಡ, ಕೇಬಲ್ ಚುಚ್ಚಿ. ಟೆಸ್ಟ್ ಕಾಲ್ ಸೆಷನ್ ನಡೆಯುವ ಹೊತ್ತಿಗೇ ಮಾಡಿ, ಯಾಕೆಂದರೆ ಬೆಳಗ್ಗೆ ಓಡುವ ನೆಟ್ ಮಧ್ಯಾಹ್ನ ಎಲ್ಲರೂ ಕೂತಾಗ ತೆವಳಬಹುದು. ಕಿಟಕಿಗೆ ಬೆನ್ನು ಹಾಕಿ ಮಕ್ಕಳನ್ನು ಕೂರಿಸಿದರೆ ಆ ಕಡೆಗೆ ಬರೀ ನೆರಳು ಕಾಣುತ್ತದೆ. ಒಂದೇ ಕೋಣೆಯಲ್ಲಿ ಎರಡು ಫೋನು, ಲ್ಯಾಪ್‌ಟಾಪು ಸೇರಿಸಿ ಜಾಯಿನ್ ಆದರೆ ಕಿವಿ ಹರಿಯುವ ಪ್ರತಿಧ್ವನಿ ಗ್ಯಾರಂಟಿ. ರೆಕಾರ್ಡ್ ಮಾಡುತ್ತಾರಾ, ಯೂಟ್ಯೂಬ್‌ಗೆ ಹಾಕುತ್ತಾರಾ ಅಂತ ಮೊದಲೇ ಕೇಳಿ ಪೋಷಕರ ಒಪ್ಪಿಗೆ ತಗೊಳ್ಳಿ. ಮಕ್ಕಳ ಪೂರ್ತಿ ಹೆಸರು ಪರದೆ ಮೇಲೆ ಬರುವುದು ಬೇಡ. ನೆಟ್ ಪೂರ್ತಿ ಹೋದರೆ ಆ ಕಡೆಗೆ ಫೋನ್ ಮಾಡಿ ಸ್ಪೀಕರ್ ಹಾಕಿ. ಆಲಿಸ್ ಸ್ಪ್ರಿಂಗ್ಸ್ ಮಕ್ಕಳು ಬರೀ ಧ್ವನಿಯಲ್ಲೇ ಓದಿದರಲ್ಲ!

ಹೆಡ್‌ಮಾಸ್ಟರಿಗೆ ಏನು ಹೇಳುವುದು? ಮಾಹಿತಿ ಬೇಕಾದಾಗ ಯೂಟ್ಯೂಬ್, ಕೇಳುವುದಕ್ಕೆ ಏನಾದರೂ ಇದ್ದಾಗ ಲೈವ್ ಎಂದು ಹೇಳಿ. ನಾನಾದರೆ ಪಾಠದ ಶುರುವಿಗೆ ಲೈವ್ ಇಡುವುದಿಲ್ಲ. ಆಗ ಬರುವುದೆಲ್ಲ ‘ನಿಮ್ಮ ವಯಸ್ಸೆಷ್ಟು?’ ಥರದ ಪ್ರಶ್ನೆಗಳು. ಪಾಠ ಮುಕ್ಕಾಲು ಮುಗಿದು, ಪುಸ್ತಕದಲ್ಲಿ ಉತ್ತರ ಸಿಗದ ನಾಲ್ಕು ಪ್ರಶ್ನೆ ಹಲಗೆ ಮೇಲೆ ಉಳಿದಾಗ ಇಡುತ್ತೇನೆ. ವರ್ಷಕ್ಕೆ ಇಂಥವು ಎರಡು ಆದರೂ ಸಾಕು.

ಬುಕ್ ಮಾಡುವ ಮುಂಚೆ ಗಡಿಯಾರ ಮಾತ್ರ ನೋಡಿಕೊಳ್ಳಿ. ಅಮೆರಿಕದಲ್ಲಿ ಮಾರ್ಚ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹಾಕುತ್ತಾರೆ, ನವೆಂಬರ್‌ನಲ್ಲಿ ಹಿಂದೆ. ನಾವು ಅಕ್ಟೋಬರ್‌ನಲ್ಲಿ ಬುಕ್ ಮಾಡಿದ ಒಂದು ಸೆಷನ್ ನವೆಂಬರ್ ಎರಡನೇ ವಾರ ಇತ್ತು. ಮಕ್ಕಳು ತಲೆ ಬಾಚಿಕೊಂಡು, ಚೀಟಿ ಹಿಡಿದು, ಖಾಲಿ ಪರದೆ ನೋಡುತ್ತ ಕೂತರು. ಕೊನೆಗೆ ಬೆಲ್ ಹೊಡೆಯಿತು, ಎಲ್ಲರೂ ಆಟಕ್ಕೆ ಓಡಿದರು. ನಾನು ವೈರು ಸುತ್ತುತ್ತಿದ್ದಾಗ ಪರದೆ ಹೊತ್ತಿಕೊಂಡಿತು. ಆ ಕಡೆ ಒಬ್ಬರು, ಹೆಗಲ ಮೇಲೆ ಗೂಬೆ ಕೂರಿಸಿಕೊಂಡು, ಖಾಲಿ ಬೆಂಚುಗಳಿಗೆ ‘ಗುಡ್ ಮಾರ್ನಿಂಗ್’ ಅಂದರು.